ನಾಲ್ಕು ಅಂಗಡಿ ಹೂಡಿದ ಸೋಮೇಶ

ಸೋಲಾಪುರದ ನವಿ ಪೇಠದಲ್ಲಿ ಶಾಂತಲಿಂಗಪ್ಪನವರ ಬಟ್ಟೆ ಅಂಗಡಿ ಯಾವುದೆಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಅವರ ತಮ್ಮ ಸೋಮೇಶನ ಅಂಗಡಿ ಯಾವುದೆಂದು ಕೇಳಿದರೆ ಮಾತ್ರ ಅದೇ ಜನ ಒಂದು ಗಳಿಗೆ ತಡೆದು, "ಈಗ ಎಲ್ಲಿ ಹಾಕ್ಯಾರ ಅವರನ್ನ?" ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ. ತಪ್ಪು ಅವರದಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಸೋಮೇಶ ನಾಲ್ಕು ಊರಿನಲ್ಲಿ ನಾಲ್ಕು ಅಂಗಡಿ ಹೂಡಿದ್ದ. ನಾಲ್ಕರಲ್ಲಿ ಮೂರರ ಗಾದಿಯ ಮೇಲೆ ಈಗ ಬೇರೆಯವರು ಕುಳಿತಿದ್ದರು.

ಅಣ್ಣ ತಮ್ಮಂದಿರ ನಡುವೆ ಹದಿನಾಲ್ಕು ವರ್ಷದ ಅಂತರ. ಸೋಮೇಶ ಒಂಬತ್ತರವನಿದ್ದಾಗ ತಂದೆ ತೀರಿಕೊಂಡರು. ಅಲ್ಲಿಂದ ಮುಂದೆ ಅವನ ಹೆಸರನ್ನು ಸಾಲೆಗೆ ಹಚ್ಚಿದವನು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಡಾಕ್ಟರ ಮನೆಗೆ ಓಡಿದವನು, ಹೆಣ್ಣು ನೋಡಿ ಮದುವೆ ಮಾಡಿದವನು ಎಲ್ಲ ಶಾಂತಲಿಂಗಪ್ಪನೇ. ಅಂಥ ಅಣ್ಣನ ಎದುರು ನಿಂತು ಒಲ್ಲೆ ಎನ್ನುವುದು ಹೇಗೆಂದು ಸೋಮೇಶ ಕಲಿಯಲೇ ಇಲ್ಲ, ಕಲಿಸುವವರೂ ಇರಲಿಲ್ಲ.

ಆ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಅಂಗಡಿಯ ಗಾದಿಯ ಮೇಲೆ ಆಗುತ್ತಿದ್ದವು. ಶಾಂತಲಿಂಗಪ್ಪನ ಮುಂದೆ ಹಿತ್ತಾಳೆಯ ಎಲೆ ತಬಕು. ಹೊರಗಿನ ವ್ಯಾಪಾರಸ್ಥರು ಬಂದರೆ ತಬಕನ್ನು ಅವರ ಕಡೆ ಸರಿಸುವುದು, ಅವರು ತಮಗೆ ಬೇಕಾದಂತೆ ಹಚ್ಚಿಕೊಂಡು ತಿನ್ನುವುದು. ಮನೆಯವರಿಗೆ ಹಾಗಲ್ಲ. ಅವನೇ ಎಲೆಯನ್ನು ಧೋತರಕ್ಕೆ ಒರೆಸಿ, ನಾರು ತೆಗೆದು, ಬೆರಳ ತುದಿಯಿಂದ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಅಂಗೈಯಲ್ಲಿ ಇಡುತ್ತಿದ್ದ. ಇಡುತ್ತ ಒಂದು ಮಾತು ಹೇಳಿದನೆಂದರೆ, ಎಲೆ ಹಿಡಿದವನು ಆ ಮಾತನ್ನೂ ಹಿಡಿದಂತೆ. ಆಮೇಲೆ ಅದರ ಬಗ್ಗೆ ಚರ್ಚೆಯಿಲ್ಲ. ತಂದೆಯ ಕಾಲದಿಂದಲೂ ಅದೇ ರೂಢಿ. ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿದ ಮಾತು ಮುರಿದದ್ದುಂಟು, ಆ ಗಾದಿಯ ಮೇಲೆ ಎಲೆ ಹಿಡಿದ ಮಾತು ಮುರಿದದ್ದಿಲ್ಲ.

ಸೋಮೇಶನಿಗೆ ಇಪ್ಪತ್ತೊಂದು ತುಂಬಿದ ವರ್ಷ ಅಂಗೈಯಲ್ಲಿ ಎಲೆ ಇಟ್ಟು ಅಣ್ಣ ಹೇಳಿದ್ದು ಒಂದೇ ಶಬ್ದ, "ಮಂಗಳವೇಢೆ." ಸೋಮೇಶ ಹೋದ. ಒಂದು ಕೋಣೆ ಬಾಡಿಗೆ ಹಿಡಿದು, ಮೊದಲ ಆರು ತಿಂಗಳು ಬಟ್ಟೆಯ ಗಂಟುಗಳ ನಡುವೆ ಮಲಗಿದ. ಹುಲಜಂತಿ ಕಡೆಯ ಕುರುಬರಿಗೆ ಎಂಥ ಬಿಳಿ ಬಟ್ಟೆ ಬೇಕು, ಯಾರ ಮನೆಯಲ್ಲಿ ಯಾವಾಗ ಲಗ್ನ ಎಂದು ತಿಳಿದುಕೊಂಡ. ನಾಲ್ಕನೆಯ ವರ್ಷ ಅಂಗಡಿ ತನ್ನ ಕಾಲ ಮೇಲೆ ನಿಂತಿತು. ನಿಂತದ್ದೇ ತಡ, ಸೋದರತ್ತೆಯ ಮಗ ಶಂಕರೆಪ್ಪನನ್ನು ಅಲ್ಲಿ ಕೂಡಿಸಿ, ಅಣ್ಣ ಸೋಮೇಶನ ಅಂಗೈಯಲ್ಲಿ ಮತ್ತೊಂದು ಎಲೆ ಇಟ್ಟ. ಬಾರ್ಶಿ. ಬಾರ್ಶಿಯ ನಂತರ ಚಿಂಚೋಳಿ ಎಂಐಡಿಸಿ, ಅಲ್ಲಿಯ ಕಾರ್ಖಾನೆಗಳ ಗೇಟಿನೆದುರು ತಗಡಿನ ಮಾಡಿನ ಕೆಳಗೆ ಕೆಲಸಗಾರರ ಪ್ಯಾಂಟು ಶರ್ಟಿನ ಬಟ್ಟೆ. ಅಲ್ಲಿಂದ ತೊಂಬತ್ತೊಂದರಲ್ಲಿ ಅಕ್ಕಲಕೋಟ.

"ಸೋಮೇಶನ ಕೈಗುಣ ಭಾಳ ಚೊಲೊ" ಎಂದು ಬೀಗರು ಬಿಜ್ಜರೆಲ್ಲ ಹೊಗಳುತ್ತಿದ್ದರು. ಕೈಗುಣವನ್ನು ಹೊಗಳಿಬಿಟ್ಟರೆ ಆ ಮನುಷ್ಯನ ಕಾಲು ನೋಯುವುದಿಲ್ಲ ಎಂದು ತಿಳಿದ ಮಂದಿ ಲೋಕದಲ್ಲಿ ಬಹಳ.

ಇದರ ಲೆಕ್ಕವೆಲ್ಲ ಅವನ ಹೆಂಡತಿ ಉಜ್ವಲಾಳ ಬಳಿ ಇತ್ತು. ಅವಳು ಬಾರ್ಶಿಯ ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಹಿಂದಿನ ಬಾಡಿಗೆಯವರು ಬಿಟ್ಟು ಹೋದ ಮೊಳೆಗಳಿಗೇ ಕ್ಯಾಲೆಂಡರು, ಕನ್ನಡಿ ತೂಗು ಹಾಕಿದಳು. ತವರಿನಿಂದ ಬಂದ ಹಿತ್ತಾಳೆ ಪಾತ್ರೆಗಳ ಟ್ರಂಕನ್ನು ಚಿಂಚೋಳಿಯಲ್ಲಿ ತೆರೆಯಲೇ ಇಲ್ಲ. ಕೇಳಿದರೆ, "ಮತ್ತ ಕಟ್ಟೂದು ಯಾರು?" ಎನ್ನುತ್ತಿದ್ದಳು. ಜಗಳವಾಡುವ ಹೆಣ್ಣುಮಗಳಲ್ಲ ಅವಳು. ಜಗಳವಾಡಿದ್ದರೆ ಸೋಮೇಶನಿಗೆ ಸುಲಭವಾಗುತ್ತಿತ್ತೋ ಏನೋ.

ಅಕ್ಕಲಕೋಟಕ್ಕೆ ಬಂದ ನಾಲ್ಕನೆಯ ವರ್ಷ ಕಳೆಯಿತು, ಐದನೆಯದೂ ಕಳೆಯಿತು. ಸೋಲಾಪುರದಿಂದ ಹೊಸ ಮಾತು ಬರಲಿಲ್ಲ. ಸ್ವಾಮಿಗಳ ದರ್ಶನಕ್ಕೆ ಬರುವ ಗುರುವಾರದ ಭಕ್ತರ ಗದ್ದಲದಲ್ಲಿ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮಗಳು ಗಾರ್ಗಿ ಮರಾಠಿ ಸಾಲೆಯಲ್ಲಿ ಎಂಟನೆಯ ಇಯತ್ತೆಗೆ ಬಂದಳು. ಒಂದು ದಿನ ಸೋಮೇಶ ಊಟಕ್ಕೆ ಮನೆಗೆ ಬಂದಾಗ ಅಡಿಗೆ ಮನೆಯಲ್ಲಿ ಗೌಂಡಿ ಕುಳಿತಿದ್ದ. ಉಜ್ವಲಾ ನೆಲ ಅಗೆಸಿ ರುಬ್ಬುವ ಒಳ್ಳುಕಲ್ಲನ್ನು ಹೂಳಿಸುತ್ತಿದ್ದಳು. ಸುತ್ತ ಸಿಮೆಂಟು ಬಳಿಸಿ, ಅದು ಆರುವ ತನಕ ಮೂರು ದಿನ ಮಗಳನ್ನು ಆ ಕಡೆ ಸುಳಿಯಗೊಡಲಿಲ್ಲ. ಆಮೇಲೆ ಟ್ರಂಕು ತೆರೆದಳು. ಆ ವರ್ಷದಲ್ಲಿ ಸೋಮೇಶನಿಗೆ ಆದ ದೊಡ್ಡ ಸಂತೋಷ ಅದೇ.

ಬಿಲ್ಲು ಹೊಡೆಯಲು ಕಂಪ್ಯೂಟರು ಬಂದದ್ದು ಆಗಲೇ. ನವಿ ಪೇಠದ ಅಂಗಡಿಗೆ ಹೊಸದು ತೆಗೆದುಕೊಂಡು, ಅಕ್ಕಲಕೋಟಕ್ಕೆ ಯಾರೋ ಬಳಸಿ ಬಿಟ್ಟದ್ದನ್ನು ಕಳಿಸಿದ್ದರು. ಹಿಂದಿನ ಒಡೆಯರು ಅದರೊಳಗೆ ಒಂದು ಆಟವನ್ನೂ ಉಳಿಸಿಬಿಟ್ಟಿದ್ದರು. ಹುಡುಕಿ ತೆಗೆದವಳು ಗಾರ್ಗಿ. ಮೊದಲ ವಾರ ಅವಳೇ ಪಕ್ಕದಲ್ಲಿ ಕುಳಿತು ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತಂದೆಗೆ ಹೇಳಿಕೊಟ್ಟಳು. ಅವಳಿಗೆ ಬೇಗ ಬೇಸರ ಬಂತು. ಸೋಮೇಶನಿಗೆ ಬರಲಿಲ್ಲ. ಅಕ್ಕಲಕೋಟದ ಪೇಟೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಿದ್ದೆ ಹೊಡೆಯುತ್ತದೆ. ಆ ಮೂರು ತಾಸು ಅವನು ಆಡಿದ.

ಪರದೆಯೆಲ್ಲ ಕತ್ತಲೆ. ನಡುವೆ ಅಂಗೈಯಗಲ ಹಸಿರು ನೆಲ, ಅದರ ಮೇಲೆ ಒಂದು ಕಮಾನು ಗಾಡಿ. ಗಾಡಿಯಲ್ಲಿ ಹೊಸ ಊರು ಹೂಡಲು ಹೊರಟ ಜನ. ಸೆಟ್ಲರ್ ಎಂದು ಬರೆದಿತ್ತು, ಸೋಮೇಶ ಅವರನ್ನು ಗಾಡಿಮಂದಿ ಎಂದ. ಗಾಡಿಯನ್ನು ಒಂದೊಂದೇ ಹೆಜ್ಜೆ ನಡೆಸಿದರೆ ಕತ್ತಲೆ ಸರಿದು ಹೊಳೆ, ಗುಡ್ಡ, ಬಯಲು ಕಾಣುತ್ತವೆ. ನೀರು ಹತ್ತಿರವಿರುವ ಒಳ್ಳೆಯ ಮಣ್ಣು ನೋಡಿ ನಿಲ್ಲಿಸಿ ಒಂದು ಗುಂಡಿ ಒತ್ತಬೇಕು. ಗಾಡಿ ಮಾಯವಾಗುತ್ತದೆ, ಅಲ್ಲಿ ಊರು ಏಳುತ್ತದೆ. ಊರಿಗೆ ಏನು ಹೆಸರು ಎಂದು ಕಂಪ್ಯೂಟರು ಕೇಳುತ್ತದೆ. ಗಾಡಿಯಲ್ಲಿ ಬಂದವರ ಹೆಸರನ್ನು ಅದು ಕೇಳುವುದಿಲ್ಲ.

ಪ್ರತಿ ಊರಿನ ಮೇಲೆ ಅಲ್ಲಿ ಎಷ್ಟು ಮಂದಿ ಇದ್ದಾರೆಂದು ಒಂದು ಅಂಕಿ. ಊರು ಬೆಳೆದಂತೆ ಅಂಕಿ ಏರುತ್ತದೆ. ಆ ಊರಿನಿಂದ ಹೊಸ ಗಾಡಿ ಹೊರಡಿಸಿದರೆ ಅಂಕಿ ಒಂದು ಇಳಿಯುತ್ತದೆ. ಹೋದವರು ಹೋದಂತೆಯೇ. ಮೊದಮೊದಲು ಸೋಮೇಶ ಆಸೆಗೆ ಬಿದ್ದು ಸಿಕ್ಕ ಸಿಕ್ಕಲ್ಲಿ ಊರು ಹೂಡಿದ. ಒಂದರ ಹೊಲವನ್ನು ಇನ್ನೊಂದು ತಿಂದು ಎರಡೂ ಸೊರಗಿದವು. ಮತ್ತೊಮ್ಮೆ ಊರುಗಳ ಸಂಖ್ಯೆ ಎಂಟಕ್ಕೆ ಏರಿದಾಗ ಜನ ಮುಖ ಕೆಂಪಗೆ ಮಾಡಿಕೊಂಡು ದಂಗೆಯೆದ್ದರು. ನಿಧಾನವಾಗಿ ಅವನಿಗೆ ಹದ ಸಿಕ್ಕಿತು. ಎರಡು ಊರಿನ ನಡುವೆ ಎಷ್ಟು ಜಾಗ ಬಿಡಬೇಕು, ಹೊರಡಿಸುವ ಮೊದಲು ತಾಯಿ ಊರಿನಲ್ಲಿ ಕಾಳು ಎಷ್ಟಿರಬೇಕು, ಊರಾದ ಮೇಲೆ ಅದಕ್ಕೆ ದಾರಿ ಹಾಕುವುದು ಮೊದಲೋ ಕಾಲುವೆ ತೋಡುವುದು ಮೊದಲೋ, ಇವೆಲ್ಲ. ಊರುಗಳಿಗೆ ಅವನು ಇಟ್ಟ ಹೆಸರುಗಳನ್ನು ನೋಡಿ ಗಾರ್ಗಿ ನಕ್ಕಳು. ನವಿ ಪೇಠ, ಮಂಗಳವೇಢೆ, ಬಾರ್ಶಿ, ಚಿಂಚೋಳಿ, ಅಕ್ಕಲಕೋಟ.

ಆದರೆ ಆ ಆಟದಲ್ಲಿ ಅವನನ್ನು ಹಿಡಿದು ಕೂಡಿಸಿದ್ದು ಊರುಗಳಲ್ಲ. ಅದು ಸರದಿಯ ಆಟ. ಎಲ್ಲ ಗಾಡಿಗೆ, ಎಲ್ಲ ಊರಿಗೆ ಅಪ್ಪಣೆ ಕೊಟ್ಟಾದ ಮೇಲೆ ಸರದಿ ಮುಗಿಯಿತೆಂದು ತಾನೇ ಒತ್ತಬೇಕು. ಒತ್ತುವ ತನಕ ಲೋಕದಲ್ಲಿ ಒಂದು ಹುಲ್ಲುಕಡ್ಡಿ ಅಲುಗುವುದಿಲ್ಲ. ವೈರಿ ರಾಜ ಕತ್ತಿ ಎತ್ತಿದವನು ಎತ್ತಿದಂತೆಯೇ ನಿಂತಿರುತ್ತಾನೆ. ಸೋಮೇಶ ಎಷ್ಟೋ ಸಲ ಗುಂಡಿಯ ಮೇಲೆ ಬೆರಳಿಟ್ಟು ಒತ್ತದೆ ಸುಮ್ಮನೆ ಕುಳಿತುಬಿಡುತ್ತಿದ್ದ, ಹತ್ತು ನಿಮಿಷ, ಹದಿನೈದು ನಿಮಿಷ. ಹುಟ್ಟಿದಾಗಿನಿಂದ ಯಾರೂ ಅವನಿಗಾಗಿ ಕಾಯ್ದಿರಲಿಲ್ಲ. ಇಲ್ಲಿ ಇಡೀ ಭೂಮಂಡಲ ಕಾಯುತ್ತಿತ್ತು.

ಒಂದು ಗಾಡಿಯನ್ನು ಅವನು ಎಲ್ಲಿಗೂ ಕಳಿಸಲಿಲ್ಲ. ಹೊಳೆಯ ತಿರುವಿನಲ್ಲಿ ನಿಲ್ಲಿಸಿ ಮಲಗಿಸುವ ಗುಂಡಿ ಒತ್ತಿದ್ದ. ಗಾರ್ಗಿ ಅದನ್ನು ನೋಡಿ, "ಅಪ್ಪಾ, ಹಾ ನುಸತಾ ಖಾತೋ! ಬರೇ ತಿಂದು ಬಿದ್ದಾನ, ಊರ ಕಾಳ ಖರ್ಚು" ಎಂದಳು. ವ್ಯಾಪಾರಸ್ಥರ ಮನೆಯ ಮಗಳು, ಸುಮ್ಮನೆ ಕುಳಿತವರನ್ನು ಕಂಡರೆ ಅವಳಿಗೂ ಆಗುವುದಿಲ್ಲ. ಸೋಮೇಶ ಗಾಡಿಯನ್ನು ಎಬ್ಬಿಸಲಿಲ್ಲ.

ತೊಂಬತ್ತೇಳರ ದಸರೆಗೆ ಮುಂಚೆ ಸೋಲಾಪುರದಿಂದ ವೈನಿ ಪಾರ್ವತಿಬಾಯಿಯ ಫೋನು ಬಂತು. ಅಣ್ಣನ ಹೆಂಡತಿ ಅವರು, ಮನೆಯ ಸುದ್ದಿ ಸೋಮೇಶನಿಗೆ ಮುಟ್ಟುತ್ತಿದ್ದದ್ದು ಅವರಿಂದಲೇ. ಜುಳೆ ಸೋಲಾಪುರದಲ್ಲಿ ಅಣ್ಣ ಅಂಗಡಿಗೆಂದು ಒಂದು ಗಾಳೆ, ಅಂದರೆ ಮಳಿಗೆ, ಹಿಡಿದಿದ್ದಾನೆ, ದೀಪಾವಳಿ ಪಾಡ್ಯಕ್ಕೆ ಪೂಜೆ. ಅಕ್ಕಲಕೋಟದ ಅಂಗಡಿಗೆ ತಮ್ಮದೇ ಮಗ ಅತುಲನನ್ನು ಕೂಡಿಸುವ ವಿಚಾರ, ಅವನಿಗೂ ಮದುವೆಯಾಗಿ ಒಂದು ವರ್ಷವಾಯಿತಲ್ಲ. ಇಷ್ಟು ಹೇಳಿ ವೈನಿ ದನಿ ಇಳಿಸಿದರು. "ಒಲ್ಲೆ ಅನ್ನೂದಿದ್ರ ಎಲಿ ಹಿಡಿಯೂಕಿಂತ ಮೊದಲ ಅನ್ನು, ಸೋಮಾ. ಆಮ್ಯಾಲೆ ನನ್ನ ಕಡೆ ಏನೂ ಆಗೂದಿಲ್ಲ ನೋಡು."

ಜುಳೆ ಸೋಲಾಪುರ ಎಂದರೆ ಆಗ ಊರಿನ ಹೊರಗೆ ಹೊಸದಾಗಿ ಹಬ್ಬುತ್ತಿದ್ದ ಬಡಾವಣೆ. ಎರೆ ಮಣ್ಣಿನ ಬಯಲು, ಪ್ಲಾಟಿನ ಗಡಿಕಲ್ಲುಗಳು, ಅಲ್ಲೊಂದು ಇಲ್ಲೊಂದು ಅರ್ಧ ಕಟ್ಟಿದ ಮನೆ, ಟ್ಯಾಂಕರಿನ ಹಿಂದೆ ಓಡುವ ಕೊಡಗಳು. ಇನ್ನು ಹತ್ತು ವರ್ಷಕ್ಕೆ ಅಲ್ಲಿ ಬಂಗಾರ ಬೆಳೆಯುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಬೆಳೆಯುತ್ತದೆ, ಸುಳ್ಳಲ್ಲ. ಆ ಹತ್ತು ವರ್ಷ ಅಲ್ಲಿ ಕುಳಿತು ಧೂಳು ಕುಡಿಯುವವನು ಯಾರು ಎಂಬುದಷ್ಟೇ ಪ್ರಶ್ನೆ. ಮೊದಲಿಗೆ ಮೂರು ವರ್ಷ ಗಿರಾಕಿಯ ದಾರಿ ನೋಡುವುದು, ಬಾಡಿಗೆ ಮನೆಯ ಹಳೆಯ ಮೊಳೆಗಳು, ಗಾರ್ಗಿಗೆ ಮತ್ತೊಂದು ಸಾಲೆ. ನಾಲ್ಕನೆಯ ವರ್ಷ ಮತ್ತೊಂದು ಎಲೆ.

ಸೋಮೇಶ ಹೆಂಡತಿಗೆ ಹೇಳಿದ. ಉಜ್ವಲಾ ಆಗ ಚಟ್ನಿಗೆ ಶೇಂಗಾ ಕುಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀವು ಹೋಗಂದಲ್ಲಿಗೆ ನಾ ಬಂದೀನಿ. ಬರೂದಿಲ್ಲಂತ ಎಂದಾರ ಅಂದೀನೇನು?" ಎಂದಳು.

"ಇಲ್ಲ."

"ಈ ಸಲ ಕೇಳಬ್ಯಾಡ್ರಿ. ಈ ಒಳ್ಳು ಕೀಳೂ ಶಕ್ತಿ ನನಗಿಲ್ಲ."

"ಈ ಸಲ ಅಣ್ಣಗ ಹೇಳೇ ಹೇಳ್ತೀನಿ" ಎಂದ ಸೋಮೇಶ. ಹೇಳಬೇಕೆಂದೇ ಅವನ ಮನಸ್ಸಿನಲ್ಲಿತ್ತು.

ಪ್ರತಿ ಮಂಗಳವಾರ ಮಾಲು ತರಲು ಅವನು ಸೋಲಾಪುರಕ್ಕೆ ಹೋಗುತ್ತಿದ್ದ. ದಸರೆ ಮುಗಿದ ಮೊದಲ ಮಂಗಳವಾರ ಎಸ್‌ಟಿ ಬಸ್ಸಿನ ಕಿಟಕಿಯ ಬಳಿ ಕುಳಿತು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ. "ಅಣ್ಣಾ, ಈ ಸಲ ನಾ ಹೋಗೂದಿಲ್ಲರಿ." ವಳಸಂಗ ಬರುವಷ್ಟರಲ್ಲಿ ಹತ್ತು ಸಲ ಹೇಳಿದ್ದ. ಕುಂಭಾರಿ ದಾಟುವಾಗ ತುಟಿ ಅಲುಗಿದ್ದನ್ನು ನೋಡಿ ಪಕ್ಕದ ಮುದುಕಿ ಶಾರದಾಬಾಯಿ, ಅಕ್ಕಲಕೋಟದವರೇ, "ಜಪಾ ಮಾಡ್ತೀಯೇನೋ ತಮ್ಮಾ?" ಎಂದು ಕೇಳಿದರು. ಹೂಂ ಎಂದ.

ಊಟವಾಯಿತು. ಗಾದಿಯ ಮೇಲೆ ಬಂದು ಕುಳಿತರು. ಶಾಂತಲಿಂಗಪ್ಪ ಎಲೆಯನ್ನು ಧೋತರಕ್ಕೆ ಒರೆಸುತ್ತ ಈ ವರ್ಷದ ಮಳೆ, ಶಂಕರೆಪ್ಪನ ಮಂಡಿ ನೋವು, ಅದು ಇದು ಮಾತಾಡಿದ. ಸುಣ್ಣ ಸವರಿದ. ಅಡಿಕೆ ಇಟ್ಟ. ಸೋಮೇಶ ಬಾಯಿ ತೆರೆಯಲು ಸಿದ್ಧನಾಗಿದ್ದ, ಮೊದಲ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣ ಮಡಚಿದ ಎಲೆಯನ್ನು ಮುಂದೆ ಹಿಡಿದ. ಹಿಡಿದಕೂಡಲೇ ಸೋಮೇಶನ ಬಲಗೈ ತಾನಾಗಿಯೇ ಮುಂದೆ ಹೋಗಿ ಅಂಗೈ ಬಿಚ್ಚಿತು. ಮೂವತ್ತು ವರ್ಷದ ಅಭ್ಯಾಸ, ಅದಕ್ಕೆ ಯಜಮಾನನನ್ನು ಕೇಳಿ ಮಾಡುವ ಗೊಡವೆಯೇ ಇರಲಿಲ್ಲ.

"ಜುಳೆ ಸೋಲಾಪುರ. ಪಾಡವಾಕ್ಕ ಪೂಜಾ. ಅಕ್ಕಲಕೋಟದಾಗ ಅತುಲಗ ಕೂಡಸ್ತೀನಿ" ಎಂದ ಶಾಂತಲಿಂಗಪ್ಪ.

ಎಲೆ ಅಂಗೈಯಲ್ಲಿತ್ತು. ಒಳಬಾಗಿಲಿನ ಪರದೆಯ ಹಿಂದೆ ನಿಂತಿದ್ದ ವೈನಿ ಒಳಗೆ ಸರಿದು ಹೋದದ್ದು ಸೋಮೇಶನಿಗೆ ಕಾಣಿಸಿತು. ಅಷ್ಟರಲ್ಲಿ ಯಾರೋ ಗಿರಾಕಿಗಳು ಬಂದರು. ಅಣ್ಣ ಅತ್ತ ತಿರುಗಿದ. ಸೋಮೇಶ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಶರ್ಟಿನ ಕಿಸೆಗೆ ಹಾಕಿಕೊಂಡ. ಅಂದು ಅವನ ಕೈಲಾದ ಪರಾಕ್ರಮ ಇಷ್ಟೇ.

ಮನೆಯಲ್ಲಿ ಉಜ್ವಲಾ ಏನಾಯಿತೆಂದು ಬಾಯಿಬಿಟ್ಟು ಕೇಳಲಿಲ್ಲ, ಅವನ ಮುಖ ನೋಡಿದಳು. ಸೋಮೇಶ ಕಿಸೆಯಿಂದ ಎಲೆ ತೆಗೆದು ತೋರಿಸಿದ.

"ಹಿಡಿದ್ರಿ?"

"ಕೈ ಮುಂದ ಹ್ವಾತು."

"ತಿಂದಿಲ್ಲಲ್ಲ?"

"ತಿಂದಿಲ್ಲ."

ಅದಕ್ಕೆ ಏನರ್ಥವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಹಿಡಿದು ತಿನ್ನದೆ ಬಿಟ್ಟವರು ಆ ಮನೆತನದಲ್ಲಿ ಯಾರೂ ಇರಲಿಲ್ಲ, ರೂಢಿಯಲ್ಲಿ ಅದಕ್ಕೊಂದು ಕಟ್ಟಳೆಯೂ ಇರಲಿಲ್ಲ. ಎಲೆಯನ್ನು ಅವನು ಅಂಗಡಿಯಲ್ಲಿ ಕಂಪ್ಯೂಟರಿನ ಮೇಜಿನ ಖಾನೆಯಲ್ಲಿಟ್ಟ. ದಿನಕ್ಕೊಮ್ಮೆ ಖಾನೆ ತೆರೆದು ನೋಡುತ್ತಿದ್ದ. ಮೊದಲು ಅಂಚು ಕಂದಿತು, ಆಮೇಲೆ ಮೈಯೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಮನೆಯಲ್ಲಿ ಉಜ್ವಲಾ ಒಂದು ಪಾತ್ರೆಯನ್ನೂ ಟ್ರಂಕಿಗೆ ಹಾಕಲಿಲ್ಲ. ಹಾಕಬೇಡವೆಂದು ಇವನೂ ಹೇಳಲಿಲ್ಲ, ಹಾಕು ಎಂದೂ ಹೇಳಲಿಲ್ಲ. ಪಾಡ್ಯ ಹತ್ತಿರ ಬರುತ್ತಿತ್ತು.

ಪಾಡ್ಯಕ್ಕೆ ಎಂಟು ದಿನ ಉಳಿದಿತ್ತು, ಗುರುವಾರ. ಮಧ್ಯಾಹ್ನ ಎರಡರ ಸುಮಾರಿಗೆ ಸೋಮೇಶ ಆಟದಲ್ಲಿ ಮುಳುಗಿದ್ದ. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಹಣೆಗೆ ಗಂಧ ಹಚ್ಚಿಕೊಂಡ ಶಾಂತಲಿಂಗಪ್ಪ. ದರ್ಶನಕ್ಕೆ ಬಂದವನು ಅತುಲನ ಸಲುವಾಗಿ ಅಂಗಡಿಯನ್ನೂ ಒಮ್ಮೆ ನೋಡಿ ಹೋಗಲು ಬಂದಿದ್ದ. ಸೋಮೇಶ ಗಡಬಡಿಸಿ ಎದ್ದ.

"ಕೂಡು, ಕೂಡು. ಏನದು?"

"ಆಟರಿ, ಅಣ್ಣಾ."

ಬೈಗುಳ ಬರುತ್ತದೆಂದು ಸೋಮೇಶ ತಲೆ ತಗ್ಗಿಸಿದ. ಬರಲಿಲ್ಲ. ಶಾಂತಲಿಂಗಪ್ಪ ಸ್ಟೂಲು ಎಳೆದುಕೊಂಡು ಕುಳಿತು ಕನ್ನಡಕ ಹಾಕಿದ. ಐವತ್ತೇಳು ವರ್ಷದ ವ್ಯಾಪಾರಸ್ಥ, ಹೊಸದನ್ನು ಕಂಡರೆ ಕೈಯಿಂದ ಮುಟ್ಟಿ ನೋಡದೆ ಬಿಡುವವನಲ್ಲ. ಸೋಮೇಶ ಹೇಳಿಕೊಟ್ಟ. ಇದು ಊರು, ಇದು ಗಾಡಿ, ಈ ಅಂಕಿ ಊರಿನ ಮಂದಿ, ಗಾಡಿ ಹೊರಡಿಸುವುದು ಹೀಗೆ. ಅಣ್ಣನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಕಂಪ್ಯೂಟರಿನ ಮೌಸು ಹಿಡಿಯುವುದೊಂದು ಸ್ವಲ್ಪ ಕಷ್ಟವಾಯಿತು, ಉಳಿದದ್ದೆಲ್ಲ ಅವನು ನಲವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸವೇ. ಅರ್ಧ ತಾಸಿನಲ್ಲಿ ಎರಡು ಗಾಡಿ ಹೊರಡಿಸಿ ಎರಡು ಊರು ಹೂಡಿದ. ಸೋಮೇಶನಾಗಿದ್ದರೆ ಅದಕ್ಕೆ ಒಂದು ವಾರ ತೆಗೆದುಕೊಳ್ಳುತ್ತಿದ್ದ.

"ಇಲ್ಲೊಬ್ಬವ ಯಾಕ ಮಲಗ್ಯಾನ?" ಹೊಳೆಯ ತಿರುವಿನ ಗಾಡಿಯನ್ನು ತೋರಿಸಿ ಕೇಳಿದ.

"ದಣದಾನರಿ."

"ಆಟದಾಗ ಯಾರರೆ ದಣೀತಾರೇನೋ!" ಎಂದು ಶಾಂತಲಿಂಗಪ್ಪ ನಕ್ಕ. ತಮ್ಮನ ಜೊತೆ ಅವನು ಹೀಗೆ ಒಂದೇ ಮೇಜಿನ ಮುಂದೆ ಕುಳಿತು ನಕ್ಕು ಎಷ್ಟು ವರ್ಷಗಳಾಗಿದ್ದವೋ. ನಗುತ್ತಲೇ ಪರದೆಯ ಮೂಲೆಯಲ್ಲಿದ್ದ ಒಂದು ಸಣ್ಣ ಊರನ್ನು ಆರಿಸಿದ. ಅದು ಸೋಮೇಶ ಕೊನೆಗೆ ಹೂಡಿದ ಊರು, ಅಂಕಿ ಒಂದು. ಅಕ್ಷರ ಕೂಡಿಸಿ ಓದಿದ. "ಅ, ಕ್ಕ, ಲ, ಕೋಟ. ಇದು ನಮ್ಮದ! ಇಲ್ಲಿಂದ ಒಂದು ಗಾಡಿ ಹೊರಡಸೂಣು. ಈ ಕಡೆ ಬಯಲು ಹಾಂಗ ಬಿದ್ದೈತಿ."

ಅಪ್ಪಣೆ ಕೊಟ್ಟ. ಕೆಲವು ಸರದಿ ಕಳೆದವು. ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂದು ನಿಂತಿತು. ಅದು ಏನು ಕೇಳುತ್ತಿದೆಯೆಂದು ಸೋಮೇಶನಿಗೆ ಗೊತ್ತಿತ್ತು. ಗಾರ್ಗಿ ಒಮ್ಮೆ ಓದಿ ಹೇಳಿದ್ದಳು. ಇಲ್ಲಿ ಇರುವವರು ಇಷ್ಟೇ, ಇವರನ್ನು ಕಳಿಸಿದರೆ ಊರು ಉಳಿಯುವುದಿಲ್ಲ, ಆದರೂ ಕಳಿಸಬೇಕೇ? ಸೋಮೇಶ ಹೇಳಬಹುದಿತ್ತು. ಹೇಳಲಿಲ್ಲ. ಅಣ್ಣನಿಂದ ಅವನು ಏನನ್ನಾದರೂ ಮುಚ್ಚಿಟ್ಟದ್ದು ಜೀವಮಾನದಲ್ಲಿ ಎರಡೇ, ಒಂದು ಖಾನೆಯಲ್ಲಿದ್ದ ಎಲೆ, ಇನ್ನೊಂದು ಇದು. ಶಾಂತಲಿಂಗಪ್ಪ ಇಂಗ್ಲಿಷಿನ ಗೋಜಿಗೆ ಹೋಗದೆ ಹೂಂ ಎಂದು ಒತ್ತಿದ.

ಗಾಡಿ ಹೊರಟು ನಿಂತಿತು. ಅದರ ಕೆಳಗೆ ಬರೀ ಹುಲ್ಲು.

"ಊರೆಲ್ಲಿ ಹ್ವಾತು?"

"ಹ್ವಾತರಿ ಅಣ್ಣಾ."

"ಹಂಗಂದ್ರ?"

"ಅಲ್ಲಿದ್ದದ್ದು ಅಷ್ಟ ಮಂದಿರಿ. ಅವರನ್ನ ಎಬ್ಬಿಸಿ ಗಾಡಿ ಹೂಡಿಸಿದ್ರ ಮನ್ಯಾಗ ದೀಪಾ ಹಚ್ಚವರು ಯಾರರಿ?"

"ಹಿಂದಕ್ಕ ತರಾಕ ಬರೂದಿಲ್ಲೇನು?"

"ಬರೂದಿಲ್ಲರಿ."

ಶಾಂತಲಿಂಗಪ್ಪ ಪರದೆಯನ್ನೇ ನೋಡುತ್ತ ಕುಳಿತ. ಸೋಮೇಶ ಖಾನೆ ಎಳೆದು ಎಲೆಯನ್ನು ತೆಗೆದು ಅಣ್ಣನ ಮುಂದಿಟ್ಟ. ಒಣಗಿ ಮುರುಟಿ, ಒಳಗಿನ ಅಡಿಕೆ ಕಾಣುತ್ತಿತ್ತು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ ವಾಕ್ಯ ಈಗ ನೆನಪಾಗಲಿಲ್ಲ. ಬೇರೆಯದೇ ಬಂತು.

"ಇದನ್ನ ನಾ ತಿಂದಿಲ್ಲರಿ ಅಣ್ಣಾ. ನಾ ದಣದೀನ್ರಿ."

ಶಾಂತಲಿಂಗಪ್ಪ ಎಲೆಯನ್ನು ನೋಡಿದ, ತಮ್ಮನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಸಿಟ್ಟಿದ್ದರೆ ಸೋಮೇಶ ತಡೆದುಕೊಳ್ಳುತ್ತಿದ್ದ. ಅಣ್ಣ ಮೆಲ್ಲಗೆ ಹೇಳಿದ, "ನಿನ್ನ ಬಿಟ್ಟು ಯಾರನ್ನ ಕಳಸಲ್ಯೋ ನಾ? ಉಳದವರೆಲ್ಲ ಕಟ್ಟಿದ್ದರ ಮ್ಯಾಲೆ ಕೂಡಾವರು. ಬರೇ ಬಯಲಿಗೆ ಕಳಸಿ ನಾ ನಿಶ್ಚಿಂತಿಲೆ ನಿದ್ದಿ ಮಾಡಿದ್ದು ನಿನ್ನೊಬ್ಬನ್ನ."

ಇದನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಹೇಳಿದ್ದರೆ, ಎಂದು ಸೋಮೇಶನಿಗೆ ಅನ್ನಿಸಿತು. ಹೇಳಿದ್ದರೆ ಬಹುಶಃ ಐದನೆಯ ಅಂಗಡಿಗೂ ಹೋಗುತ್ತಿದ್ದ. ಆದರೂ ಎಲೆಯ ಕಡೆ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದ.

ಶಾಂತಲಿಂಗಪ್ಪ ಆ ಒಣಗಿದ ಎಲೆಯನ್ನು ಎತ್ತಿ ತನ್ನ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಚಹಾ ಕುಡಿಯಲಿಲ್ಲ, ಮನೆಗೂ ಬರಲಿಲ್ಲ.

ಪಾಡ್ಯದ ದಿನ ಜುಳೆ ಸೋಲಾಪುರದ ಅಂಗಡಿಗೆ ಪೂಜೆಯಾಯಿತು. ಅಲ್ಲಿ ಕುಳಿತವನು ಅತುಲ. ಸುದ್ದಿ ವೈನಿಯ ಫೋನಿನಿಂದ ತಿಳಿಯಿತು. ಸೋಮೇಶನಿಗೆ ಯಾರೂ ಏನೂ ಅನ್ನಲಿಲ್ಲ, ಅಕ್ಕಲಕೋಟದ ಅಂಗಡಿ ಅವನ ಕೈಯಲ್ಲೇ ಉಳಿಯಿತು. ಉಜ್ವಲಾ ಅಂದು ಹೋಳಿಗೆ ಮಾಡಿದಳು, ಹೂರಣವನ್ನು ಅದೇ ಒಳ್ಳಿನಲ್ಲಿ ರುಬ್ಬಿದಳು. ಊಟವಾದ ಮೇಲೆ ಗೋಡೆಗೆ ಒಂದು ಹೊಸ ಮೊಳೆ ಹೊಡೆದಳು. ಸೋಮೇಶ ಮಧ್ಯಾಹ್ನವೆಲ್ಲ ಮಲಗಿ ನಿದ್ದೆ ಮಾಡಿದ. ಎದ್ದ ಮೇಲೂ ದಣಿವು ಹೋಗಿರಲಿಲ್ಲ.

ಮುಂದಿನ ಮಂಗಳವಾರ ಮಾಲಿಗಾಗಿ ಸೋಲಾಪುರಕ್ಕೆ ಹೋದ. ಅಣ್ಣ ಎಂದಿನಂತೆ ಮಾತಾಡಿದ. ಬಸ್ಸು ಸಿಕ್ಕಿತೇ, ಗಾರ್ಗಿಯ ಪರೀಕ್ಷೆ ಯಾವಾಗ, ಎಲ್ಲ ಕೇಳಿದ. ವೈನಿ ಊಟಕ್ಕೆ ಬಡಿಸಿದರು, ಎರಡು ಸಲ ತುಪ್ಪ ಹಾಕಿದರು. ಊಟವಾದ ಮೇಲೆ ಗಾದಿಯ ಮೇಲೆ ಬಂದು ಕುಳಿತರು. ಶಾಂತಲಿಂಗಪ್ಪ ತನಗೊಂದು ಎಲೆ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡ. ಧೋತರಕ್ಕೆ ಬೆರಳು ಒರೆಸಿದ. ಆಮೇಲೆ ಹಿತ್ತಾಳೆಯ ತಬಕನ್ನು ಎರಡು ಬೆರಳಿನಿಂದ ಸೋಮೇಶನ ಕಡೆ ಸರಿಸಿದ.

ಸೋಮೇಶ ತಬಕನ್ನು ನೋಡಿದ. ಮುಂದೆ ಬಂದಿದ್ದ ಬಲಗೈಯನ್ನು ಏನು ಮಾಡಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಕೊನೆಗೆ ಒಂದು ಎಲೆ ತೆಗೆದುಕೊಂಡ, ನಾರು ಕಿತ್ತ, ಸುಣ್ಣದ ಡಬ್ಬಿ ತೆರೆದ. ಪರದೆಯ ಹಿಂದೆ ವೈನಿ ನಿಂತಿದ್ದರು. ಈ ಸಲ ಅವರು ಒಳಗೆ ಸರಿಯಲಿಲ್ಲ.

ಸಂಜೆ ಅಕ್ಕಲಕೋಟದಲ್ಲಿ ಬಸ್ಸಿಳಿದು ಮನೆಗೆ ಬಂದು ಊಟಕ್ಕೆ ಕುಳಿತವನು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ. ಉಜ್ವಲಾ ಲಾಟೀನಿನಂತಿದ್ದ ಮಂಕು ಬಲ್ಬಿನ ಕೆಳಗೆ ಅವನ ತುಟಿ ಬಿಚ್ಚಿ ನೋಡಿದಳು. ನಾಲಿಗೆಯೂ ಒಳಗಿನ ಕೆನ್ನೆಯೂ ಸುಟ್ಟು ಬಿಳಿಚಿದ್ದವು.

"ಅಯ್ಯ, ಇದೇನ್ರಿ? ಬಾಯಿ ಹಿಂಗ ಸುಟ್ಟೈತಿ?"

"ಸುಣ್ಣ ಹೆಚ್ಚಾತು" ಎಂದ ನಲವತ್ತಮೂರು ವರ್ಷದ ಸೋಮೇಶ. "ಇವತ್ತ ಎಲಿ ನಾನ ಹಚಗೊಂಡ್ನಿ."